ಹೆಬ್ಬೆರಳು ಒತ್ತಿದವರು ಬರಲೇ ಇಲ್ಲ: ಪೋಷಕರ ಸಂಘದ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಶಾಲೆಯ ಪೋಷಕರ ಸಂಘದಲ್ಲಿ ದುಡಿಯುವವರದ್ದು. ಒಬ್ಬರಿಗೆ ಉತ್ತರ ಬರೆಯಲು ಕೂತರೆ ಇನ್ನೊಬ್ಬರ ಸಂಕಟವೂ ಅದರಲ್ಲೇ ಸೇರಿಕೊಂಡಿತ್ತು. ಹಾಗಾಗಿ ಅಂಕಣ ಪೂರ್ತಿ ಇದಕ್ಕೇ ಕೊಟ್ಟಿದ್ದೇನೆ. ನಾನು ಮೊದಲು ತಾಯಿಯಾಗಿ ಇಂಥ ಸಂಘದಲ್ಲಿ ಓಡಾಡಿದವಳು. ಆಮೇಲೆ ಮುಖ್ಯೋಪಾಧ್ಯಾಯಿನಿಯಾಗಿ ಮೇಜಿನ ಆಚೆ ಬದಿಯಲ್ಲಿ ಕೂತು ಪೋಷಕರ ಅಹವಾಲು ಕೇಳಿದವಳು. ಎರಡೂ ಕಡೆಯ ಕಷ್ಟ ಗೊತ್ತಿರುವುದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ. ಪತ್ರ ಬರೆದವರ ಗುರುತು ಸಿಗುವಂಥ ವಿವರಗಳನ್ನು ತೆಗೆದಿದ್ದೇನೆ.

ಪ್ರಶ್ನೆ: ಮೇಡಂ, ನಾನು ಮಗಳ ಶಾಲೆಯ ಪೋಷಕರ ಸಂಘದ ಕಾರ್ಯದರ್ಶಿ. ವಾರ್ಷಿಕೋತ್ಸವಕ್ಕೆ ಸಹಾಯ ಬೇಕು ಅಂತ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದೆ. ಸಾಲುಸಾಲಾಗಿ ಹೆಬ್ಬೆರಳು ಬಂದವು. ಆ ದಿನ ಬೆಳಗ್ಗೆ ಬಂದವರು ನಾನು, ಇನ್ನೊಬ್ಬ ತಾಯಿ, ಅವರ ಅತ್ತೆ, ಇಷ್ಟೇ. ಕುರ್ಚಿ ಜೋಡಿಸುವುದರಿಂದ ಹಿಡಿದು ಮಕ್ಕಳ ವೇಷಭೂಷಣ ಎಣಿಸಿ ವಾಪಸ್ ಕೊಡುವವರೆಗೂ ನಾವೇ. ಮಗಳ ನೃತ್ಯವನ್ನು ಪರದೆಯ ಪಕ್ಕದಿಂದ ಅರ್ಧ ನೋಡಿದೆ. ರಾತ್ರಿ ಮನೆಗೆ ಬಂದು ಫೋನ್ ತೆಗೆದರೆ ಒಬ್ಬರು ಹಾಕಿದ್ದಾರೆ: 'ಎಲ್ಲಾ ಅವರೇ ಮಾಡ್ಕೋತಾರೆ, ನಮ್ಮನ್ನ ಯಾರೂ ಕೇಳೋದೇ ಇಲ್ಲ.' ಅತ್ತುಬಿಟ್ಟೆ. ಮನೆಯವರು ಬಿಟ್ಟುಬಿಡು ಅಂತಾರೆ. ಬಿಡಲೋ, ಇರಲೋ?

ಉತ್ತರ: ಬಿಡುವ ಮಾತು ಕೊನೆಗೆ ಆಡೋಣ ತಾಯಿ. ಮೊದಲು ಆ ಹೆಬ್ಬೆರಳುಗಳ ವಿಚಾರ.

ಅದನ್ನು ಒತ್ತಿದವರು ನಿಮಗೆ ಮೋಸ ಮಾಡಿದರು ಅಂತ ನನಗೆ ಅನ್ನಿಸುವುದಿಲ್ಲ. 'ಒಳ್ಳೇ ಕೆಲಸ, ಆಗಲಿ' ಅಂತ ಅಷ್ಟೇ ಅವರು ಹೇಳಿದ್ದು. ನೀವು ಅದನ್ನು 'ನಾನು ಬರ್ತೀನಿ' ಅಂತ ಓದಿಕೊಂಡಿರಿ. ಇಷ್ಟೊಂದು ಜನ ಒಪ್ಪಿದ್ದಾರಲ್ಲ, ನಾನೊಬ್ಬ ಹೋಗದಿದ್ದರೆ ಏನಾಯಿತು ಅಂತ ಪ್ರತಿಯೊಬ್ಬರಿಗೂ ಅನ್ನಿಸಿರುತ್ತದೆ. ಇದು ನಿಮ್ಮ ಶಾಲೆಯ ಪೋಷಕರ ಕೆಟ್ಟ ಗುಣ ಅಲ್ಲ, ಜನ ಗುಂಪಾದಾಗ ಎಲ್ಲ ಕಡೆಯೂ ಹೀಗೇ ಆಗುತ್ತದೆ. ಫ್ರಾನ್ಸಿನ ಕೃಷಿ ಇಂಜಿನಿಯರ್ ಮ್ಯಾಕ್ಸಿಮಿಲಿಯನ್ ರಿಂಗೆಲ್ಮನ್ ಹಗ್ಗ ಎಳೆಸಿ ಅಳತೆ ಮಾಡಿ, 1913ರಲ್ಲಿ ಆ ಲೆಕ್ಕ ಪ್ರಕಟಿಸಿದರು. ಜನ ಹೆಚ್ಚಿದಷ್ಟೂ ಒಬ್ಬೊಬ್ಬರ ಎಳೆತ ಕಡಿಮೆಯಾಗುತ್ತಾ ಹೋಗಿ, ಎಂಟು ಜನ ಸೇರಿದಾಗ ತಲಾ ಎಳೆತ ಒಂಟಿಯಾಗಿ ಎಳೆದಾಗಿನ ಅರ್ಧದಷ್ಟಕ್ಕೆ ಇಳಿದಿತ್ತು. ಒಟ್ಟಿಗೆ ಎಳೆಯುವಾಗ ತಾಳ ತಪ್ಪುವುದೂ ಅದಕ್ಕೆ ಒಂದು ಕಾರಣ. ಆದರೆ 1979ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬಿಬ್ ಲಟಾನೆ ಮತ್ತು ಜೊತೆಯವರು ಜನರ ಕಣ್ಣಿಗೆ ಬಟ್ಟೆ ಕಟ್ಟಿ, ಕಿವಿಗೆ ಹೆಡ್‌ಫೋನ್ ಹಾಕಿ ಗಟ್ಟಿಯಾಗಿ ಕೂಗಿಸಿದರು. ಜೊತೆಗೆ ಇನ್ನೂ ಕೆಲವರು ಕೂಗುತ್ತಿದ್ದಾರೆ ಅಂತ ನಂಬಿದರೆ ಸಾಕು, ಕೂಗು ತಗ್ಗುತ್ತಿತ್ತು. ನನಗೆ ಮುಖ್ಯ ಅನ್ನಿಸಿದ್ದು ಅದೇ ತಂಡ 1981ರಲ್ಲಿ ತೋರಿಸಿದ ಇನ್ನೊಂದು ಸಂಗತಿ. ಗುಂಪಿನಲ್ಲಿದ್ದರೂ ನಿಮ್ಮ ನಿಮ್ಮ ಕೂಗನ್ನು ಬೇರೆ ಬೇರೆಯಾಗಿ ಅಳೆಯುತ್ತೇವೆ ಎಂದಾಗ ಯಾರೂ ಧ್ವನಿ ತಗ್ಗಿಸಲಿಲ್ಲ.

ನಿಮ್ಮ ಸಂಘಕ್ಕೆ ಬೇಕಾದದ್ದು ಇದೇ. 'ಯಾರಾದರೂ ಬನ್ನಿ' ಅನ್ನುವ ಕೆಲಸಕ್ಕೆ ಯಾರೂ ಬರುವುದಿಲ್ಲ. ಕೆಲಸಕ್ಕೆ ಒಂದು ಹೆಸರು, ಒಂದು ಅಳತೆ, ಒಂದು ಕೊನೆ ಇರಬೇಕು.

ಮುಂದಿನ ಕಾರ್ಯಕ್ರಮಕ್ಕೆ ಹೀಗೆ ಮಾಡಿ. ಒಂದು ಸಂಜೆ ಕೂತು, ಆ ದಿನ ನೀವು ಮೂವರೂ ಮಾಡಿದ ಕೆಲಸಗಳನ್ನೆಲ್ಲ ಬರೆಯಿರಿ. ಚಿಲ್ಲರೆ ಕೆಲಸ ಅಂತ ಯಾವುದನ್ನೂ ಬಿಡಬೇಡಿ. ಮೈಕಿನವರಿಗೆ ಫೋನ್ ಮಾಡಿದ್ದು, ಪಿನ್ನು ತಂದಿದ್ದು, ಅಳುವ ಮಗುವನ್ನು ಹೊರಗೆ ಕರೆದುಕೊಂಡು ಹೋಗಿದ್ದು, ಕೊನೆಗೆ ಉಳಿದ ಕಿರೀಟ ಯಾರದು ಅಂತ ಹುಡುಕಿದ್ದು, ಎಲ್ಲ. ಬರೆದ ಮೇಲೆ ಒಂದೂವರೆ ಗಂಟೆಯಲ್ಲಿ ಮುಗಿಯುವ ತುಂಡುಗಳಾಗಿ ಒಡೆಯಿರಿ. ಆಮೇಲೆ ಗ್ರೂಪಿಗೆ ಹಾಕಬೇಡಿ, ಒಬ್ಬೊಬ್ಬರಿಗೇ ಫೋನ್ ಮಾಡಿ. ಮಾತು ಇಷ್ಟು ಖಚಿತವಾಗಿರಲಿ: 'ಶನಿವಾರ ಬೆಳಗ್ಗೆ ಎಂಟರಿಂದ ಒಂಬತ್ತೂವರೆ. ವೇದಿಕೆ ಹಿಂದಿನ ಕೋಣೆಯಲ್ಲಿ ಮೂರನೇ ತರಗತಿ ಮಕ್ಕಳ ವೇಷದ ಚೀಲಗಳನ್ನು ಹೆಸರು ನೋಡಿ ಕೊಡಬೇಕು. ನಿಮ್ಮ ಜೊತೆ ಇನ್ನೊಬ್ಬರು ಇರ್ತಾರೆ. ಒಂಬತ್ತೂವರೆಗೆ ನೀವು ಹೋಗಿ ಕೂತು ಕಾರ್ಯಕ್ರಮ ನೋಡಬಹುದು. ಆಗುತ್ತಾ?'

ಆ ಕೊನೆಯ ವಾಕ್ಯ ಬಹಳ ಮುಖ್ಯ. ಒಮ್ಮೆ ಒಳಗೆ ಹೋದರೆ ರಾತ್ರಿಯವರೆಗೂ ಬಿಡುವುದಿಲ್ಲ ಅನ್ನುವ ಭಯಕ್ಕೇ ಎಷ್ಟೋ ಜನ ಬಾಗಿಲಲ್ಲೇ ನಿಲ್ಲುತ್ತಾರೆ. ಎಷ್ಟು ಹೊತ್ತಿಗೆ ಬಿಡುಗಡೆ ಅಂತ ಮೊದಲೇ ಹೇಳಿಬಿಟ್ಟರೆ ಆ ಭಯ ಹೋಗುತ್ತದೆ. 'ಜೊತೆಗೆ ಇನ್ನೊಬ್ಬರು ಇರ್ತಾರೆ' ಅನ್ನುವುದೂ ಹಾಗೇ. ಹೊಸಬರಿಗೆ ಯಾರ ಪರಿಚಯವೂ ಇಲ್ಲದ ಕೋಣೆಗೆ ಕಾಲಿಡುವುದೇ ಕಷ್ಟ. 'ಆಗಲ್ಲ' ಅಂದರೆ ಬೇಸರ ಮಾಡಿಕೊಳ್ಳಬೇಡಿ, ಕಾರಣ ಕೆದಕಬೇಡಿ. ಈ ಹೊತ್ತು ಹೇಳಿದ 'ಆಗಲ್ಲ' ನಿಮಗೆ ಉಪಕಾರ, ಇನ್ನೊಬ್ಬರನ್ನು ಹುಡುಕಲು ಸಮಯ ಇದೆ. ಎರಡು ದಿನ ಮುಂಚೆ ಒಂದು ಸಲ ನೆನಪಿಸಿ. ನೆನಪಿಸುವಾಗ 'ಬರ್ತೀರಲ್ವಾ?' ಅನ್ನುವುದಕ್ಕಿಂತ 'ಏನಾದರೂ ಅಡಚಣೆ ಇದ್ದರೆ ಈಗಲೇ ಹೇಳಿ, ಬೇರೆಯವರನ್ನು ನೋಡ್ಕೋತೀನಿ' ಅನ್ನಿ. ಸಂಕೋಚಕ್ಕೆ ಒಪ್ಪಿಕೊಂಡು ಕೊನೇ ಗಳಿಗೆಯಲ್ಲಿ ಫೋನ್ ತೆಗೆಯದವರು ಇದರಿಂದ ಮೊದಲೇ ಬಾಯಿ ಬಿಡುತ್ತಾರೆ.

ಇನ್ನು ಆ ರಾತ್ರಿ ಬಂದ ಮಾತು. ಕಣ್ಣೀರು ಬಂದಿದ್ದು ಸಹಜ. ಇಡೀ ದಿನ ನಿಂತು ಕಾಲು ಸೋತವರ ಮುಂದೆ ಆಡುವ ಮಾತಲ್ಲ ಅದು. ಆದರೆ ಅದನ್ನು ಬರೆದವರನ್ನು ಒಂದು ಕ್ಷಣ ಎದುರಿಗೆ ಕೂರಿಸಿಕೊಳ್ಳಿ. 'ನಮ್ಮನ್ನ ಯಾರೂ ಕೇಳೋದೇ ಇಲ್ಲ' ಅಂದಿದ್ದಾರೆ. ಅವರನ್ನು ಹೆಸರು ಹಿಡಿದು ಯಾರಾದರೂ ಕೇಳಿದ್ದರೇ? ಗ್ರೂಪಿನಲ್ಲಿ ಹಾಕಿದ್ದು ನಿಮ್ಮ ಲೆಕ್ಕದಲ್ಲಿ ಕೇಳಿದ ಹಾಗೆ, ಅವರ ಲೆಕ್ಕದಲ್ಲಿ ಸೂಚನೆ. ಇನ್ನೊಂದು ಸಂಗತಿ: ನಾವು ಮಾಡಿದ ಕೆಲಸ ನಮಗೆ ಪೂರ್ತಿ ನೆನಪಿರುತ್ತದೆ, ಇನ್ನೊಬ್ಬರದ್ದು ಕಣ್ಣಿಗೆ ಬಿದ್ದಷ್ಟು ಮಾತ್ರ. 1979ರಲ್ಲಿ ಮೈಕಲ್ ರಾಸ್, ಫಿಯೋರೆ ಸಿಕೋಲಿ ಅನ್ನುವ ಇಬ್ಬರು ಸಂಶೋಧಕರು ಗಂಡ ಹೆಂಡತಿಯರನ್ನು ಬೇರೆ ಬೇರೆ ಕೂರಿಸಿ, ಮನೆಯ ಒಂದೊಂದು ಕೆಲಸದಲ್ಲೂ ನಿಮ್ಮ ಪಾಲೆಷ್ಟು ಅಂತ ಕೇಳಿದರು. ಹೆಚ್ಚಿನ ಜೋಡಿಗಳಲ್ಲಿ ಇಬ್ಬರ ಪಾಲು ಕೂಡಿಸಿದರೆ ನೂರಕ್ಕಿಂತ ಜಾಸ್ತಿ ಬಂತು. ಯಾರೂ ಸುಳ್ಳು ಹೇಳಿರಲಿಲ್ಲ. ಒಂದೇ ಮನೆಯಲ್ಲಿ ಇರುವವರಿಗೇ ಹೀಗಾದರೆ, ತಿಂಗಳಿಗೊಮ್ಮೆ ಮುಖ ನೋಡುವ ಪೋಷಕರಿಗೆ ನಿಮ್ಮ ಕಷ್ಟ ಹೇಗೆ ಕಾಣಬೇಕು?

ಆದ್ದರಿಂದ ಗ್ರೂಪಿನಲ್ಲಿ ಉತ್ತರ ಕೊಡಬೇಡಿ. ರಾತ್ರಿ ಹೊತ್ತಂತೂ ಬೇಡವೇ ಬೇಡ. ಒಂದು ವಾರ ಬಿಟ್ಟು ಅವರಿಗೆ ಫೋನ್ ಮಾಡಿ, ಆ ಮಾತನ್ನು ಎತ್ತದೆ ಒಂದು ಕೆಲಸ ಕೊಡಿ, ಭಾರ ಇರುವಂಥದ್ದನ್ನೇ. ನನ್ನ ಶಾಲೆಯಲ್ಲಿ ಒಬ್ಬ ತಂದೆ ಪ್ರತಿ ಸಭೆಯಲ್ಲೂ ಎದ್ದು ನಿಂತು ವ್ಯವಸ್ಥೆ ಸರಿಯಿಲ್ಲ ಅಂತ ಕೂಗುತ್ತಿದ್ದರು. ಕ್ರೀಡಾದಿನದ ಗೇಟನ್ನು ಪೂರ್ತಿ ಅವರ ಕೈಗೆ ಕೊಟ್ಟೆ. ಹಿಂದಿನ ಸಂಜೆಯೇ ಬಂದು ಗೇಟಿನ ಅಗಲ ಅಳೆದರು, ಒಳಗೆ ಬರುವವರಿಗೂ ಹೊರಗೆ ಹೋಗುವವರಿಗೂ ನಡುವೆ ಹಗ್ಗ ಕಟ್ಟಿದರು, ಅಜ್ಜ ಅಜ್ಜಿಯರಿಗೆ ಅಂತ ಬಾಗಿಲ ಪಕ್ಕ ಬೆಂಚು ಹಾಕಿಸಿದರು. ಅಲ್ಲಿಗೆ ಬೆಂಚು ಬೇಕು ಅಂತ ನನಗೆ ಯಾವತ್ತೂ ಹೊಳೆದಿರಲಿಲ್ಲ. ಆಮೇಲೂ ಸಭೆಯಲ್ಲಿ ಎದ್ದು ನಿಲ್ಲುತ್ತಿದ್ದರು, ಆದರೆ ಕೈಯಲ್ಲಿ ನಕ್ಷೆ ಹಿಡಿದು. ಎಲ್ಲರೂ ಹೀಗೇ ಬದಲಾಗುತ್ತಾರೆ ಅಂತ ನಾನು ಹೇಳುವುದಿಲ್ಲ. ಕೆಲವರಿಗೆ ಗೊಣಗುವುದಷ್ಟೇ ಬೇಕು. ಕೆಲಸ ಕೊಟ್ಟು ನೋಡಿದರೆ ಅದೂ ಬೇಗ ತಿಳಿಯುತ್ತದೆ, ಆಮೇಲೆ ಅವರ ಮಾತು ಅಷ್ಟಾಗಿ ಚುಚ್ಚುವುದಿಲ್ಲ.

ಈಗ ಬಿಡುವ ಮಾತು. ಬರೀ ದಣಿವಾಗಿದ್ದರೆ ವಿಶ್ರಾಂತಿ ತೆಗೆದುಕೊಳ್ಳಿ, ಬಿಡಬೇಡಿ. ಆದರೆ ಜನರ ಸೇವೆಯ ಕೆಲಸದಲ್ಲಿ ಬಳಲುವವರನ್ನು ಅಧ್ಯಯನ ಮಾಡಿದ ಕ್ರಿಸ್ಟಿನಾ ಮ್ಯಾಸ್ಲಾಕ್ 1981ರಲ್ಲಿ ದಣಿವಿನ ಜೊತೆಗೆ ಇನ್ನೆರಡು ಲಕ್ಷಣ ಹೇಳಿದ್ದರು: ಎದುರಿಗಿರುವವರ ಮೇಲೆ ಕನಿಕರ ಬತ್ತಿ ತಾತ್ಸಾರ ಬರುವುದು, ನನ್ನ ಕೈಯಲ್ಲಿ ಏನೂ ಆಗುತ್ತಿಲ್ಲ ಅನ್ನಿಸುವುದು. ಪೋಷಕರ ಹೆಸರು ಫೋನಿನಲ್ಲಿ ಕಂಡರೇ ಮೈ ಉರಿಯುತ್ತಿದೆ, ಮಕ್ಕಳ ಕಾರ್ಯಕ್ರಮ ಹೇಗಾದರೂ ಹಾಳಾಗಿ ಹೋಗಲಿ ಅನ್ನಿಸುತ್ತಿದೆ ಅಂದರೆ ಒಂದು ವರ್ಷ ಹಿಂದೆ ಸರಿಯುವುದೇ ಸರಿ. ನಿಮ್ಮ ಪತ್ರದಲ್ಲಿ ನನಗೆ ಕಂಡಿದ್ದು ಅದಲ್ಲ. ಮಗಳ ನೃತ್ಯ ಅರ್ಧ ನೋಡಿದೆ ಅಂತ ಬರೆದಿದ್ದೀರಲ್ಲ, ಆ ಸಾಲಿನಲ್ಲಿ ನಿಮ್ಮ ನಿಜವಾದ ನೋವಿದೆ. ಮುಂದಿನ ಸಲ ಕೆಲಸದ ಪಟ್ಟಿ ಮಾಡುವಾಗ ಮೊದಲ ಸಾಲಿನಲ್ಲೇ ಬರೆಯಿರಿ: ಮಗಳು ವೇದಿಕೆ ಮೇಲಿರುವಾಗ ನಾನು ಎದುರಿನ ಕುರ್ಚಿಯಲ್ಲಿ ಕೂತಿರುತ್ತೇನೆ. ಆ ಹತ್ತು ನಿಮಿಷಕ್ಕೆ ನಿಮ್ಮ ಜಾಗದಲ್ಲಿ ಯಾರು ಅನ್ನುವುದನ್ನೂ ಬರೆಯಿರಿ. ಜೊತೆಗೆ ಈ ವರ್ಷವೇ ಒಬ್ಬ ಸಹಕಾರ್ಯದರ್ಶಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ, ಫೋನ್ ನಂಬರು, ಯಾರು ಯಾವ ಕೆಲಸ ಚೆನ್ನಾಗಿ ಮಾಡಿದರು, ಏನು ಕಡಿಮೆ ಬಿತ್ತು ಅನ್ನುವುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಯಾವ ತಿಂಗಳು ಜವಾಬ್ದಾರಿ ಹಸ್ತಾಂತರ ಮಾಡುತ್ತೀರಿ ಅಂತ ಈಗಲೇ ಎಲ್ಲರಿಗೂ ಹೇಳಿ. ಕೊನೆಯ ದಿನ ಗೊತ್ತಿದ್ದರೆ ಹೊರುವ ಭಾರ ಅಷ್ಟಾಗಿ ಹೆಗಲು ಒತ್ತುವುದಿಲ್ಲ.

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಒಬ್ಬ ತಂದೆ. ನಮ್ಮ ಸಂಘದ ಸಭೆ ಎರಡು ಗಂಟೆ ನಡೆಯುತ್ತದೆ. ಕಳೆದ ಸಲ ಟೀ ಶರ್ಟಿನ ಬಣ್ಣ ನೀಲಿಯೋ ಹಸಿರೋ ಅಂತ ಒಂದು ಗಂಟೆ ವಾದ ಆಯಿತು. ಓದುವ ಕೋಣೆ ಮಾಡಬೇಕು ಅಂತ ನಾನು ಬರೆದುಕೊಂಡು ಹೋಗಿದ್ದ ವಿಷಯ ಕೊನೆಗೆ ಬಂತು, ಎಲ್ಲರೂ 'ನೋಡೋಣ' ಅಂದು ಎದ್ದರು. ಇನ್ನೊಂದು: ಇಡೀ ಸಭೆಯಲ್ಲಿ ಗಂಡಸು ನಾನೊಬ್ಬನೇ. ಏನಾದರೂ ಹೇಳಿದರೆ ಎಲ್ಲರೂ ನಕ್ಕು ಸುಮ್ಮನಾಗುತ್ತಾರೆ.

ಉತ್ತರ: ಬಣ್ಣದ ಬಗ್ಗೆ ಎಲ್ಲರಿಗೂ ಅಭಿಪ್ರಾಯ ಇರುತ್ತದೆ. ಓದುವ ಕೋಣೆಗೆ ಎಷ್ಟು ಕಪಾಟು, ಯಾರು ಬೀಗ ತೆಗೆಯುತ್ತಾರೆ, ಪುಸ್ತಕ ಹರಿದರೆ ಏನು ಅನ್ನುವುದನ್ನು ಯಾರೂ ಯೋಚಿಸಿ ಬಂದಿರುವುದಿಲ್ಲ. ಗೊತ್ತಿಲ್ಲದ ವಿಷಯದಲ್ಲಿ ಬಾಯಿ ತೆರೆಯಲು ಸಂಕೋಚ, ಅದಕ್ಕೇ 'ನೋಡೋಣ'. ಬ್ರಿಟನ್ನಿನ ಇತಿಹಾಸಕಾರ ಪಾರ್ಕಿನ್ಸನ್ 1957ರಲ್ಲಿ ಇದನ್ನೇ ಒಂದು ಕಲ್ಪಿತ ಸಮಿತಿಯ ಕಥೆಯಾಗಿ ಬರೆದರು: ಅಣು ಸ್ಥಾವರದ ಖರ್ಚಿಗೆ ಎರಡೂವರೆ ನಿಮಿಷದಲ್ಲಿ ಒಪ್ಪಿಗೆ, ಸೈಕಲ್ ನಿಲ್ಲಿಸುವ ಚಪ್ಪರಕ್ಕೆ ಮುಕ್ಕಾಲು ಗಂಟೆ ಚರ್ಚೆ.

ನೀವು ಅಧ್ಯಕ್ಷರ ಹತ್ತಿರ ಸಭೆಗೆ ಮುಂಚೆಯೇ ಮಾತಾಡಿ, ದೊಡ್ಡ ವಿಷಯವನ್ನು ಮೊದಲು ಇಡಿಸಿ. ಎಲ್ಲರಿಗೂ ಎರಡು ದಿನ ಮೊದಲು ಅರ್ಧ ಪುಟದ ಕಾಗದ ಕಳಿಸಿ. ಅದರಲ್ಲಿ ಓದುವ ಕೋಣೆಯ ಮಹತ್ವ ಬರೆಯಬೇಡಿ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಸಭೆ ತೀರ್ಮಾನಿಸಬೇಕಾದ ಪ್ರಶ್ನೆಗಳನ್ನು ಮಾತ್ರ ಬರೆಯಿರಿ: ಯಾವ ಕೋಣೆ, ವಾರಕ್ಕೆ ಎಷ್ಟು ದಿನ, ಯಾರ ಹೊಣೆ. ಟೀ ಶರ್ಟಿನಂಥ ವಿಷಯವನ್ನು ಇಬ್ಬರಿಗೆ ಒಪ್ಪಿಸಿ, ಅವರು ಆರಿಸಿದ್ದಕ್ಕೆ ಮತ್ತೆ ಚರ್ಚೆ ಇಲ್ಲ ಅಂತ ಸಭೆಯಲ್ಲೇ ಒಪ್ಪಿಗೆ ಪಡೆಯಿರಿ. ಸಭೆ ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ ಸೂಚನೆಯಲ್ಲೇ ಹಾಕಿ, ಆ ಹೊತ್ತಿಗೆ ನಿಜವಾಗಿ ಮುಗಿಸಿ.

ಇನ್ನೊಂದು ನಿಯಮ ನನಗೆ ಬಹಳ ಇಷ್ಟ. ಅಮೆರಿಕದ ಸೈನ್ಯದ ಇಂಜಿನಿಯರ್ ಹೆನ್ರಿ ರಾಬರ್ಟ್ ಅವರಿಗೆ 1863ರಲ್ಲಿ ಒಂದು ಚರ್ಚಿನ ಸಭೆ ನಡೆಸಿಕೊಡಲು ಹೇಳಿದರು. ಸಭೆ ಗೊಂದಲವಾಗಿ ಹೋಯಿತು. ಆ ಮುಜುಗರ ಮರೆಯದೆ ಅವರು ಸಭಾನಿಯಮಗಳನ್ನು ಅಭ್ಯಾಸ ಮಾಡಿ 1876ರಲ್ಲಿ ಪುಸ್ತಕ ಮಾಡಿದರು. ಇವತ್ತಿಗೂ ಎಷ್ಟೋ ಸಂಘಗಳು ಅದನ್ನು ಪಾಲಿಸುತ್ತವೆ. ಅದರಲ್ಲಿರುವ ಒಂದು ಪದ್ಧತಿ: ಒಂದು ವಿಷಯದ ಮೇಲೆ ಒಮ್ಮೆ ಮಾತಾಡಿದವರು, ಇನ್ನೂ ಮಾತಾಡದವರೆಲ್ಲ ಬೇಕಾದರೆ ಮಾತಾಡಿ ಮುಗಿಸುವ ತನಕ ಮತ್ತೆ ಮಾತಾಡುವ ಹಾಗಿಲ್ಲ. ನಾನು ಇದನ್ನು ಪೋಷಕರ ಸಭೆಯಲ್ಲಿ ತಂದಾಗ ಹಿಂದಿನ ಸಾಲಿನಲ್ಲಿ ಕೂತ ತಾಯಂದಿರು ಬಾಯಿ ಬಿಟ್ಟರು. ಅಲ್ಲಿಯವರೆಗೆ ಅವರ ಧ್ವನಿಯನ್ನೇ ನಾನು ಕೇಳಿರಲಿಲ್ಲ.

ಗಂಡಸು ನೀವೊಬ್ಬರೇ ಅನ್ನುವುದು ಹಳೆಯ ಕಥೆ. ಅಮೆರಿಕದ ಪೋಷಕ ಶಿಕ್ಷಕ ಸಂಘ 1897ರಲ್ಲಿ ಹುಟ್ಟಿದ್ದೇ 'ತಾಯಂದಿರ ರಾಷ್ಟ್ರೀಯ ಕಾಂಗ್ರೆಸ್' ಅನ್ನುವ ಹೆಸರಿನಲ್ಲಿ. ಪೋಷಕರು, ಶಿಕ್ಷಕರು ಅನ್ನುವುದು ಹೆಸರಿಗೆ ಸೇರಿದ್ದು ಆಮೇಲೆ. ಸಭೆಗೆ ಇನ್ನಿಬ್ಬರು ತಂದೆಯರನ್ನು ನೀವೇ ಕರೆದುಕೊಂಡು ಹೋಗಿ. ಮಗು ಬಿಡಲು ಬರುವಾಗ ಗೇಟಿನ ಹತ್ತಿರ ನಿಮಗೆ ಪರಿಚಯವಾದವರು ಇದ್ದೇ ಇರುತ್ತಾರೆ.

ಪ್ರಶ್ನೆ: ಶಾಲೆಯ ಮೇಳದಲ್ಲಿ ಬಂದ ಹಣದ ಲೆಕ್ಕ ನಾನೇ ನೋಡಿಕೊಂಡೆ. ಒಂದು ಕಾಸೂ ಆಚೀಚೆ ಆಗಿಲ್ಲ. ಆದರೂ ಸಭೆಯಲ್ಲಿ ಒಬ್ಬರು ಎದ್ದು 'ದುಡ್ಡೆಲ್ಲ ಎಲ್ಲಿ ಹೋಯ್ತು?' ಅಂದರು. ಆವತ್ತಿನಿಂದ ನಿದ್ದೆ ಇಲ್ಲ. ಇಷ್ಟು ಕಷ್ಟಪಟ್ಟು ಕಳ್ಳಿ ಅನ್ನಿಸಿಕೊಳ್ಳಬೇಕೇ?

ಉತ್ತರ: ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಆದರೆ ಹಣ ಕೊಟ್ಟವರಿಗೆ ಆ ಪ್ರಶ್ನೆ ಕೇಳುವ ಹಕ್ಕಿದೆ. ಕೇಳಿದ ಧಾಟಿ ಕೆಟ್ಟದಿರಬಹುದು, ಪ್ರಶ್ನೆ ಕೆಟ್ಟದಲ್ಲ. ನನ್ನ ದೃಷ್ಟಿಯಲ್ಲಿ ಇಲ್ಲಿ ತಪ್ಪಿದ್ದು ಸಂಘ, ಇಡೀ ಹಣವನ್ನು ಒಬ್ಬರ ಕೈಯಲ್ಲಿ ಬಿಟ್ಟಿದ್ದಕ್ಕೆ. ಒಬ್ಬರೇ ಎಣಿಸಿದ ಹಣಕ್ಕೆ ಸಾಕ್ಷಿ ಇರುವುದಿಲ್ಲ, ಆಮೇಲೆ ನೀವು ಎಷ್ಟು ಆಣೆ ಹಾಕಿದರೂ ಅದು ಬರೀ ಮಾತು.

ಮುಂದಿನ ಸಲಕ್ಕೆ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಒಳ್ಳೆಯವರು ಸಂಘ ಬಿಡುವುದು ಹೆಚ್ಚಾಗಿ ಈ ವಿಷಯಕ್ಕೇ. ಬೆಳಗ್ಗೆ ಪ್ರತಿ ಮಳಿಗೆಗೆ ಚಿಲ್ಲರೆ ಕೊಡುವಾಗಲೇ ಎಷ್ಟು ಕೊಟ್ಟೆ ಅಂತ ಚೀಟಿಯಲ್ಲಿ ಬರೆದು ಡಬ್ಬಿಯೊಳಗೆ ಹಾಕಿ. ಸಂಜೆ ಲೆಕ್ಕ ಹೊಂದದಿದ್ದರೆ ಮೊದಲು ಹುಡುಕಬೇಕಾದ ಜಾಗ ಇದೇ: ಮೊದಲೇ ಇಟ್ಟ ಚಿಲ್ಲರೆಯನ್ನು ಕಳೆಯದೆ ಎಲ್ಲವನ್ನೂ ವ್ಯಾಪಾರ ಅಂತ ಸೇರಿಸಿರುತ್ತಾರೆ. ಡಬ್ಬಿಗಳನ್ನು ಒಂದೇ ಮೇಜಿನ ಮೇಲೆ, ಸಂಬಂಧಿಕರಲ್ಲದ ಇಬ್ಬರ ಎದುರು ತೆಗೆಯಿರಿ. ನೋಟುಗಳನ್ನು ಬೆಲೆವಾರು ವಿಂಗಡಿಸಿ. ಒಬ್ಬರು ಎಣಿಸಿದ್ದನ್ನು ಬಾಯಿಬಿಟ್ಟು ಹೇಳದೆ ಬರೆದುಕೊಳ್ಳಲಿ, ಇನ್ನೊಬ್ಬರು ಮತ್ತೆ ಎಣಿಸಲಿ, ಆಮೇಲೆ ಎರಡನ್ನೂ ಪಕ್ಕಪಕ್ಕ ಇಡಿ. ಹೊಂದಿದರೆ ಇಬ್ಬರೂ ಸಹಿ ಹಾಕಿ. ಆ ಹಾಳೆಯ ಫೋಟೋ ಅಲ್ಲೇ, ಎದ್ದು ಹೋಗುವ ಮುಂಚೆಯೇ ಸಮಿತಿಗೆ ಹೋಗಲಿ. ಹಣ ನಿಮ್ಮ ಸ್ವಂತ ಖಾತೆಗೆ ಒಂದು ರಾತ್ರಿಯ ಮಟ್ಟಿಗೂ ಹೋಗಬಾರದು. ಸಂಘದ ಹೆಸರಿನ ಖಾತೆ, ಇಬ್ಬರ ಸಹಿ. 'ನಾನು ಊರಿಗೆ ಹೋಗ್ತೀನಿ, ಖಾಲಿ ಚೆಕ್ಕಿಗೆ ಸಹಿ ಹಾಕಿಟ್ಟಿರ್ತೀನಿ' ಅನ್ನುವವರಿಗೆ ಬೇಡ ಅನ್ನಿ. ಖರ್ಚಿನ ರಸೀದಿಗಳನ್ನು ಲೆಕ್ಕದ ಪುಸ್ತಕದ ಹಾಳೆಗೆ ಅಂಟಿಸಿ, ಪಕ್ಕದಲ್ಲಿ ನಂಬರು ಹಾಕಿ. ಕವರಿನಲ್ಲಿ ತುರುಕಿಟ್ಟ ರಸೀದಿಯ ಅಕ್ಷರ ಒರೆಸಿಹೋಗುತ್ತದೆ, ಚೀಟಿಯೂ ಕಳೆಯುತ್ತದೆ. ಬ್ಯಾಂಕಿನ ಸ್ಟೇಟ್‌ಮೆಂಟನ್ನು ಸಹಿ ಹಾಕುವ ಅಧಿಕಾರ ಇಲ್ಲದ ಮೂರನೆಯವರು ತಿಂಗಳಿಗೊಮ್ಮೆ ನೋಡಲಿ. ವಾರದೊಳಗೆ ಬಂದದ್ದು, ಖರ್ಚಾದದ್ದು, ಉಳಿದದ್ದು ನಾಲ್ಕೈದು ಸಾಲಿನಲ್ಲಿ ಸೂಚನಾ ಫಲಕಕ್ಕೆ ಬರಲಿ, ಯಾರೂ ಕೇಳುವ ಮುಂಚೆ.

ಈಗ ಆಗಿಹೋದದ್ದಕ್ಕೆ ಏನು ಮಾಡುವುದು? ನಿಮ್ಮ ಹತ್ತಿರ ಇರುವ ಎಲ್ಲ ಕಾಗದಗಳನ್ನೂ ಸಮಿತಿಯ ಇಬ್ಬರ ಮುಂದೆ ಇಟ್ಟು ಪರಿಶೀಲಿಸಲು ನೀವಾಗಿಯೇ ಕೇಳಿ. ಆ ಇಬ್ಬರಲ್ಲಿ ಒಬ್ಬರು ಪ್ರಶ್ನೆ ಕೇಳಿದವರೇ ಆಗಿರಲಿ. ಅವರೇ ಮುಂದಿನ ಸಭೆಯಲ್ಲಿ ಎದ್ದು 'ನೋಡಿದೆ, ಸರಿಯಿದೆ' ಅಂದರೆ ನಿಮಗೂ ನಿದ್ದೆ ಬರುತ್ತದೆ.

ಪ್ರಶ್ನೆ: ಬೆಳಗ್ಗೆ ಗಂಟೆ ಹೊಡೆಯುವ ಮುಂಚೆ ಅರ್ಧ ಗಂಟೆ ಸಣ್ಣ ಮಕ್ಕಳಿಗೆ ಓದಿಸುತ್ತೇವೆ ಅಂತ ನಮ್ಮ ಸಂಘ ಮುಖ್ಯ ಶಿಕ್ಷಕರಿಗೆ ಬರೆದು ಕೊಟ್ಟಿತು. ಎರಡು ಸಲ ಕೊಟ್ಟೆವು, ಉತ್ತರವೇ ಇಲ್ಲ. ಸಿಕ್ಕಾಗ 'ನೋಡ್ತೀನಿ' ಅಂತಾರೆ. ಅವರಿಗೆ ನಾವು ಬೇಡವೇ?

ಉತ್ತರ: ಆ ಕುರ್ಚಿಯಲ್ಲಿ ಕೂತಿದ್ದವಳಾಗಿ ಹೇಳುತ್ತೇನೆ, ಸಾಮಾನ್ಯವಾಗಿ ಹಾಗಲ್ಲ. ನಿಮ್ಮ ಪತ್ರ ನನ್ನ ಮೇಜಿಗೆ ಬಂದಿದ್ದರೆ ಮೊದಲು ತಲೆಗೆ ಬರುತ್ತಿದ್ದುದು ಇವು: ಓದಿಸಲು ಬರುವವರು ಯಾರು, ನನಗೆ ಗೊತ್ತಿರುವವರೇ? ಆ ಹೊತ್ತಿಗೆ ಮಗು ಬಿದ್ದು ಪೆಟ್ಟು ಮಾಡಿಕೊಂಡರೆ ಹೊಣೆ ಯಾರದು? ಕೋಣೆಯ ಬೀಗ ತೆಗೆಯಲು ಯಾರು ಬೇಗ ಬರಬೇಕು? ಇದರಿಂದ ಒಬ್ಬ ಶಿಕ್ಷಕಿಗೆ ಕೆಲಸ ಹೆಚ್ಚುತ್ತದೆಯೇ? ಪತ್ರದಲ್ಲಿ ಇದ್ಯಾವುದಕ್ಕೂ ಉತ್ತರ ಇಲ್ಲದಿದ್ದರೆ ಅದು ಪಕ್ಕಕ್ಕೆ ಸರಿಯುತ್ತದೆ. ಉತ್ತರ ಕೊಡದೆ ಬಿಡುವುದು ತಪ್ಪೇ. ನಾನು ಅವರ ಪರ ವಹಿಸುತ್ತಿಲ್ಲ, ಕಾಗದ ಯಾಕೆ ನಿಂತಿದೆ ಅಂತ ಮಾತ್ರ ಹೇಳುತ್ತಿದ್ದೇನೆ.

ಶಿಕ್ಷಕರಿಗೆ ಇನ್ನೊಂದು ಅಳುಕು ಇರುತ್ತದೆ, ಬಾಯಿಬಿಟ್ಟು ಹೇಳುವುದಿಲ್ಲ. ಪೋಷಕರು ಓದಿಸುವ ನೆಪದಲ್ಲಿ ತರಗತಿಗೆ ಬಂದು ತಮ್ಮ ತಪ್ಪು ಹುಡುಕಬಹುದು ಅನ್ನುವ ಅಳುಕು. ಆದ್ದರಿಂದ ಇಡೀ ಶಾಲೆಗೆ ಅಂತ ಕೇಳಬೇಡಿ. ಒಪ್ಪುವ ಒಬ್ಬ ಶಿಕ್ಷಕಿಯ ಹತ್ತಿರ ಮೊದಲು ಮಾತಾಡಿ, ಅವರ ಒಂದೇ ತರಗತಿ, ಒಂದೇ ತಿಂಗಳು ಅಂತ ಕೇಳಿ. ಓದಿಸುವ ಪೋಷಕರ ಹೆಸರು, ದಿನ, ಬರಲಾಗದ ದಿನ ಬದಲಿಗೆ ಯಾರು ಅನ್ನುವುದು ಕಾಗದದಲ್ಲೇ ಇರಲಿ. ಒಬ್ಬರೇ ದೊಡ್ಡವರು ಮುಚ್ಚಿದ ಕೋಣೆಯಲ್ಲಿ ಮಕ್ಕಳ ಜೊತೆ ಇರುವುದಿಲ್ಲ, ಯಾವಾಗಲೂ ಇಬ್ಬರಿರುತ್ತೇವೆ, ಬಾಗಿಲು ತೆರೆದಿರುತ್ತದೆ ಅಂತ ನೀವೇ ಬರೆಯಿರಿ. ಈ ಒಂದು ಸಾಲು ಓದಿದರೆ ಯಾವ ಮುಖ್ಯ ಶಿಕ್ಷಕರಿಗೂ ಅರ್ಧ ಚಿಂತೆ ಕಳೆಯುತ್ತದೆ. ಗಂಟೆ ಹೊಡೆಯುವ ಹೊತ್ತಿಗೆ ಗೇಟಿನಲ್ಲಿ ಹಿಡಿದು ನಿಲ್ಲಿಸಿ ಕೇಳಬೇಡಿ. ಸಮಯ ಕೇಳಿಕೊಂಡು ಇಬ್ಬರು ಹೋಗಿ. ಆ ಭೇಟಿಯಲ್ಲಿ ನಿಮ್ಮ ಮಗುವಿನ ಅಂಕದ ಮಾತು ಎತ್ತಲೇಬಾರದು. ಎತ್ತಿದರೆ ಸಂಘದ ಕೆಲಸಕ್ಕೆ ಬಂದಿದ್ದೀರೋ ಸ್ವಂತದ್ದಕ್ಕೋ ಅಂತ ಅನುಮಾನ ಬರುತ್ತದೆ. ಬಂದ ಮೇಲೆ 'ಇವತ್ತು ಮಾತಾಡಿದ್ದು ಇಷ್ಟು, ನಾವು ಅರ್ಥ ಮಾಡಿಕೊಂಡದ್ದು ಹೀಗೆ' ಅಂತ ಎರಡು ಸಾಲು ಕಳಿಸಿ. ಆಗಲ್ಲ ಅಂದರೆ ಯಾಕೆ ಅಂತಲೂ, ಮತ್ತೆ ಯಾವಾಗ ಕೇಳಬಹುದು ಅಂತಲೂ ವಿನಯದಿಂದ ಕೇಳಿ. ಕೆಲವು ವಿಷಯ ನಿಜಕ್ಕೂ ಅವರ ಕೈಯಲ್ಲಿ ಇರುವುದಿಲ್ಲ. ಅದು ಗೊತ್ತಾದರೂ ಒಳ್ಳೆಯದೇ, ಕೇಳಬೇಕಾದ ಬಾಗಿಲು ಯಾವುದು ಅಂತ ತಿಳಿಯುತ್ತದೆ.

ಪ್ರಶ್ನೆ: ನಾನು ಕೆಲಸಕ್ಕೆ ಹೋಗುವ ತಾಯಿ. ಹಗಲು ಶಾಲೆಗೆ ಬರಲು ಆಗುವುದೇ ಇಲ್ಲ. ಸಂಘದ ಉಳಿದ ತಾಯಂದಿರು ನನ್ನನ್ನು ನೋಡುವ ರೀತಿಗೆ ಸಭೆಗೆ ಹೋಗುವುದನ್ನೇ ನಿಲ್ಲಿಸಿದ್ದೇನೆ.

ಉತ್ತರ: ನಿಲ್ಲಿಸಬೇಡಿ. ಶಾಲೆಗೆ ಬಂದು ನಿಂತರೆ ಮಾತ್ರ ಸೇವೆ ಅನ್ನುವುದು ತಪ್ಪು ತಿಳಿವಳಿಕೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜಾಯ್ಸ್ ಎಪ್‌ಸ್ಟೀನ್ 1995ರಲ್ಲಿ ಪೋಷಕರು ಶಾಲೆಯ ಜೊತೆ ತೊಡಗುವ ಆರು ಬಗೆ ಹೇಳಿದ್ದರು. ಸ್ವಯಂಸೇವೆ ಅದರಲ್ಲಿ ಒಂದು ಮಾತ್ರ. ಮನೆಯಲ್ಲಿ ಮಗುವಿನ ಕಲಿಕೆಗೆ ಜೊತೆಯಾಗುವುದೂ, ಶಾಲೆಯ ತೀರ್ಮಾನಗಳಲ್ಲಿ ದನಿ ಸೇರಿಸುವುದೂ ಅದೇ ಪಟ್ಟಿಯಲ್ಲಿವೆ. ಸ್ವಯಂಸೇವೆಯೂ ಎಲ್ಲಿ, ಯಾವ ಹೊತ್ತಿನಲ್ಲಿ ಮಾಡಿದರೂ ಸ್ವಯಂಸೇವೆಯೇ ಅಂತ ಅವರು ವಿವರಿಸಿದ್ದಾರೆ. ಸಭೆಯ ಟಿಪ್ಪಣಿ ಶುದ್ಧ ಪ್ರತಿ ಮಾಡುವುದು, ಲೆಕ್ಕದ ಹಾಳೆ ಟೈಪ್ ಮಾಡುವುದು, ಬರುವವರ ಪಟ್ಟಿಗೆ ಫೋನ್ ಮಾಡುವುದು, ಇವೆಲ್ಲ ಮಗು ಮಲಗಿದ ಮೇಲೆ ಮಾಡುವ ಕೆಲಸಗಳು, ಮತ್ತು ಪ್ರತಿ ಸಂಘದಲ್ಲೂ ಬಾಕಿ ಬಿದ್ದಿರುವ ಕೆಲಸಗಳು. ನೋಟದಿಂದ ಚುಚ್ಚುತ್ತಾರೆ ಅಂದಿರಲ್ಲ, ಅವರಲ್ಲಿ ಅರ್ಧ ಜನ ಮೇಲಿನ ಮೊದಲ ಪತ್ರದ ತಾಯಿಯ ಹಾಗೆ ದಣಿದವರೇ ಇರಬಹುದು. ನಾಳೆಯೇ ಕಾರ್ಯದರ್ಶಿಗೆ ಫೋನ್ ಮಾಡಿ, 'ಹಗಲು ಬರಲಾಗಲ್ಲ, ರಾತ್ರಿ ಒಂಬತ್ತರ ಮೇಲೆ ವಾರಕ್ಕೆ ಎರಡು ದಿನ ಅರ್ಧರ್ಧ ಗಂಟೆ ಕೊಡ್ತೀನಿ, ಯಾವ ಕೆಲಸ ಕೊಡ್ತೀರಿ?' ಅಂತ ಕೇಳಿ.